ಹಾಲಿನ ಜಗಳದಲ್ಲಿ ಹುಟ್ಟಿದ ಸಂಘ: ಬ್ರಿಟನ್ನಿನ ವೀಗನ್ ಸೊಸೈಟಿ

ಅಂಗಡಿಯಿಂದ ತಂದ ಬೆಣ್ಣೆಯ ಪೊಟ್ಟಣವನ್ನು ತಿರುಗಿಸಿ ನೋಡಿದರೆ ಹಸಿರು ಚೌಕದೊಳಗೊಂದು ಹಸಿರು ಚುಕ್ಕೆ. ತುಪ್ಪದ ಡಬ್ಬಿಗೂ ಅದೇ, ಜೇನಿನ ಶೀಶೆಗೂ ಅದೇ. ನಮ್ಮ ‘ಸಸ್ಯಾಹಾರ’ದೊಳಗೆ ಹಾಲು, ಮೊಸರು, ತುಪ್ಪ ಸದ್ದಿಲ್ಲದೆ ಸೇರಿಕೊಂಡಿವೆ, ಹಸುವಿನ ಕೆಚ್ಚಲಿಗೂ ಸಸ್ಯಕ್ಕೂ ಏನು ನಂಟು ಎಂದು ಕೇಳಿದವರು ವಿರಳ. ಇಂಗ್ಲೆಂಡಿನ ಸಸ್ಯಾಹಾರಿಗಳಲ್ಲಿ ಕೆಲವರು ಅದನ್ನು ಕೇಳಿದರು. ಉತ್ತರ ಸಿಗದಿದ್ದಾಗ ಬೇರೆ ಮನೆ ಹೂಡಿದರು.

ಆ ದೇಶದ ಸಸ್ಯಾಹಾರ ಸಂಘ ಸ್ಥಾಪನೆಯಾದದ್ದು 1847ರಲ್ಲಿ, ರಾಮ್ಸ್‌ಗೇಟ್ ಎಂಬ ಕಡಲತೀರದ ಊರಿನಲ್ಲಿ. ಮಾಂಸ ಬಿಡುವುದಷ್ಟೇ ಅದರ ಕರಾರು. ಹಾಲು, ಮೊಟ್ಟೆ ಅವರವರ ಇಷ್ಟ. 1909ರಿಂದ 1912ರವರೆಗೆ ಸಂಘದ ಪತ್ರಿಕೆಯಲ್ಲಿ ಓದುಗರು ಇದೇ ವಿಷಯಕ್ಕೆ ಕಾಗದಗಳಲ್ಲಿ ಕಾದಾಡಿದರು. ಕರು ಹುಟ್ಟದೆ ಹಸು ಹಾಲು ಕೊಡದು. ಹುಟ್ಟಿದ ಗಂಡುಕರು ಕಸಾಯಿಖಾನೆಗೆ ಹೋಗುತ್ತದೆ. ಹಾಗಿರುವಾಗ ಹಾಲು ಕುಡಿದೂ ಕೊಲೆಯಲ್ಲಿ ನಮ್ಮ ಪಾಲಿಲ್ಲ ಎನ್ನುವುದು ಹೇಗೆ? ಈ ವಾದಕ್ಕೆ ತಲೆದೂಗಿದವರಲ್ಲಿಯೂ ಹಾಲು ಬಿಟ್ಟವರು ಕೆಲವೇ ಮಂದಿ.

ಈ ಇಕ್ಕಟ್ಟನ್ನು ನಮ್ಮವರೊಬ್ಬರು ಚೆನ್ನಾಗಿ ಬಲ್ಲವರಾಗಿದ್ದರು. ವಕೀಲಿ ಓದಲು ಹೋದ ಗಾಂಧಿ 1890ರಲ್ಲಿ ಲಂಡನ್ನಿನ ಸಸ್ಯಾಹಾರ ಸಂಘದ ಕಾರ್ಯಕಾರಿ ಸಮಿತಿ ಸೇರಿದ್ದರು. ಮುಂದೆ ದಕ್ಷಿಣ ಆಫ್ರಿಕಾದಲ್ಲಿ ಹಾಲು ಬಿಡುವ ವ್ರತ ತೊಟ್ಟರು. 1918ರಲ್ಲಿ ಕಾಯಿಲೆ ಬಿದ್ದು ಹಾಸಿಗೆ ಹಿಡಿದಾಗ, ವ್ರತ ಹಸು-ಎಮ್ಮೆಯ ಹಾಲಿಗಷ್ಟೇ, ಆಡಿನ ಹಾಲಿಗಲ್ಲವಲ್ಲ ಎಂದು ಕಸ್ತೂರ್‌ಬಾ ದಾರಿ ತೋರಿಸಿದರು. ಗಾಂಧಿ ಒಪ್ಪಿದರು, ಮನಸ್ಸು ಮಾತ್ರ ಒಪ್ಪಲಿಲ್ಲ. ವ್ರತದ ಅಕ್ಷರ ಉಳಿಯಿತು, ಜೀವ ಹೋಯಿತು ಎಂಬ ಕೊರಗು ಅವರ ಆತ್ಮಕಥೆಯಲ್ಲಿದೆ. 1931ರ ನವೆಂಬರಿನಲ್ಲಿ ಅದೇ ಲಂಡನ್ ಸಂಘದ ಮುಂದೆ ನಿಂತು, ಸಸ್ಯಾಹಾರಕ್ಕೆ ಆರೋಗ್ಯವಲ್ಲ, ನೀತಿಯೇ ತಳಹದಿಯಾಗಬೇಕು ಎಂದು ಮಾತನಾಡಿದರು.

ಮುಂದೆ ವೀಗನ್ ಸಂಘ ಕಟ್ಟಲಿದ್ದ ಡೊನಾಲ್ಡ್ ವಾಟ್ಸನ್‌ಗೆ ಆಗ 21 ವರ್ಷ. ಯಾರ್ಕ್‌ಷೈರಿನ ಗಣಿ ಊರಿನ ಶಾಲಾ ಮುಖ್ಯೋಪಾಧ್ಯಾಯರ ಮಗ. ಚಿಕ್ಕಂದಿನಲ್ಲಿ ಬಂಧುವಿನ ಹೊಲಮನೆಯಲ್ಲಿ ಹಂದಿ ಕೊಯ್ಯುವಾಗ ಅದರ ಕಿರುಚಾಟ ಕೇಳಿದ್ದ ಹುಡುಗ 14ನೇ ವಯಸ್ಸಿಗೆ ಮಾಂಸ ಬಿಟ್ಟ. ಬೆಳೆದು ಮರಗೆಲಸದ ಮೇಷ್ಟ್ರಾದ. ಯುದ್ಧ ಬಂದಾಗ ಮನಸ್ಸಾಕ್ಷಿ ಒಪ್ಪದೆಂದು ಸೈನ್ಯ ಸೇರಲಿಲ್ಲ. 1943ರ ಡಿಸೆಂಬರಿನಲ್ಲಿ ವಾಟ್ಸನ್ ಹಾಲಿನ ಪ್ರಶ್ನೆ ಎತ್ತಿ ಮಾಡಿದ ಭಾಷಣ ಮರುವರ್ಷ ಸಸ್ಯಾಹಾರ ಸಂಘದ ಪತ್ರಿಕೆಯಲ್ಲಿ ಬಂತು. ಹಾಲು ಬಿಟ್ಟವರಿಗೆ ಸಂಘದೊಳಗೇ ಒಂದು ಉಪಗುಂಪು ಕೊಡಿ ಎಂದು ಅವರೂ ಅವರ ಒಡನಾಡಿ ಎಲ್ಸಿ ಶ್ರಿಗ್ಲಿಯೂ ಕೇಳಿದರು. ಮೊದಲು ಮಾಂಸ ಬಿಡಿಸುವ ಕೆಲಸ ಆಗಲಿ ಎಂದಿತು ಸಂಘ. ನವೆಂಬರ್ 1944ರಲ್ಲಿ ಲಂಡನ್ನಿನಲ್ಲಿ ಆರೇಳು ಮಂದಿ ಸೇರಿ ತಮ್ಮದೇ ಸಂಘ ಕಟ್ಟಿಕೊಂಡರು.

ಅದೇ ತಿಂಗಳು ಹೊರಬಂದ ಸಂಘದ ತ್ರೈಮಾಸಿಕ ಪತ್ರಿಕೆಯ ಮೊದಲ ಸಂಚಿಕೆ ಬಡ ಸರಕು. ಕಾಗದಕ್ಕೂ ರೇಷನ್ ಇದ್ದ ಕಾಲ. ವಾಟ್ಸನ್ ಟೈಪು ಮಾಡಿ, ಪುಟ ಜೋಡಿಸಿ, ಪಿನ್ನು ಹೊಡೆದು ಕಳಿಸಿದರು. ಬೆಲೆ ಎರಡು ಪೆನ್ನಿ, ಚಂದಾದಾರರು 25 ಮಂದಿ. ‘ಹಾಲು-ಹೈನು ಸೇವಿಸದ ಸಸ್ಯಾಹಾರಿ’ ಎಂಬ ಉದ್ದನೆಯ ಹೆಸರು ಯಾರ ಬಾಯಲ್ಲೂ ತಿರುಗುತ್ತಿರಲಿಲ್ಲ. ಡೈರಿಬ್ಯಾನ್, ವೈಟನ್, ಬೆನೆವೋರ್ ಎಂದೆಲ್ಲ ಸೂಚನೆಗಳು ಬಂದವು. ಒಂದೊಂದೂ ಔಷಧಿ ಶೀಶೆಯ ಮೇಲಿನ ಹೆಸರಿನಂತಿತ್ತು. ಕೊನೆಗೆ ‘ವೆಜಿಟೇರಿಯನ್’ ಪದದ ತಲೆಯನ್ನೂ ಬಾಲವನ್ನೂ ಉಳಿಸಿ ಹೊಟ್ಟೆ ಕತ್ತರಿಸಿದರು: ವೀಗನ್. ಸಂಘದ ಸದಸ್ಯರಾದ ಹೆಂಡರ್ಸನ್ ದಂಪತಿ ಸೂಚಿಸಿದ್ದ ‘ಆಲ್‌ವೆಗಾ’ ಇದಕ್ಕೆ ದಾರಿ ಮಾಡಿತ್ತು. ವಾಟ್ಸನ್‌ರ ಪತ್ನಿ ಡೊರತಿಯ ಪಾಲೂ ಅದರಲ್ಲಿತ್ತು. ಜನಪ್ರಿಯ ಬರಹಗಳು ವಾಟ್ಸನ್ ಒಬ್ಬರ ಹೆಸರನ್ನೇ ಹಾಡುತ್ತವೆ. ಅದು ಅರ್ಧ ಸತ್ಯ.

ಇನ್ನರ್ಧ ಸಂಘದ ಇನ್ನೊಬ್ಬ ಸದಸ್ಯ ಲೆಸ್ಲಿ ಕ್ರಾಸ್‌ಗೆ ಸಲ್ಲಬೇಕು. ಸಂಘಕ್ಕೆ ಐದು ವರ್ಷ ತುಂಬಿದರೂ ವೀಗನ್ ಎಂದರೇನು ಎಂಬ ನಿರೂಪಣೆ ಇರಲಿಲ್ಲ. 1949ರಲ್ಲಿ ಅದನ್ನು ಎತ್ತಿ ತೋರಿಸಿದವರು ಅವರು. ಪ್ರಾಣಿಗಳನ್ನು ಮನುಷ್ಯನ ಶೋಷಣೆಯಿಂದ ಬಿಡಿಸುವುದೇ ಗುರಿ, ಊಟ ಅದರ ಒಂದು ಭಾಗ ಮಾತ್ರ ಎಂಬುದು ಅವರ ನಿಲುವು; 1951ರಲ್ಲಿ ಅದೇ ಸಂಘದ ನಿಯಮವಾಯಿತು. ಅಲ್ಲಿಂದ ಮುಂದೆ ತೊಗಲು, ಉಣ್ಣೆ, ರೇಷ್ಮೆಗಳೂ ಲೆಕ್ಕಕ್ಕೆ ಬಂದವು. ಸಂಘವನ್ನು ಪಥ್ಯದ ಕೂಟವಾಗದಂತೆ ಉಳಿಸಿದ್ದು ಈ ತಿದ್ದುಪಡಿ ಎಂದು ನನ್ನ ಎಣಿಕೆ. 1979ರಲ್ಲಿ ಧರ್ಮಾರ್ಥ ಸಂಸ್ಥೆಯಾಗಿ ನೋಂದಣಿಯಾಗುವ ಹೊತ್ತಿಗೆ ‘ಸಾಧ್ಯವಾದಷ್ಟು, ಕಾರ್ಯಸಾಧುವಾದಷ್ಟು’ ಎಂಬ ವಿನಾಯಿತಿಯೂ ಸೇರಿತು. ಬದುಕು ಬಲ್ಲವರು ಸೇರಿಸಿದ ಮಾತು ಅದು.

ಆರಂಭದ ದಿನಗಳು ಸುಲಭವಾಗಿರಲಿಲ್ಲ. ಬಿ12 ಜೀವಸತ್ವವನ್ನು ವಿಜ್ಞಾನಿಗಳು ಬೇರ್ಪಡಿಸಿದ್ದೇ 1948ರಲ್ಲಿ. ಅದರ ಕೊರತೆ ಏನು ಮಾಡೀತು ಎಂಬುದು ಮೊದಲ ವೀಗನ್‌ಗಳಿಗೆ ತಿಳಿಯುವಂತಿರಲಿಲ್ಲ. ಬ್ರಿಟನ್ನಿನ ವೀಗನ್‌ಗಳಲ್ಲಿ ಕೆಲವರಿಗೆ ನಾಲಿಗೆ ಹುಣ್ಣಾಗುತ್ತಿರುವುದನ್ನೂ ಕೈಕಾಲು ಜೋಮು ಹಿಡಿಯುತ್ತಿರುವುದನ್ನೂ ಫ್ರಾಂಕ್ ವೋಕ್ಸ್ ಮತ್ತು ಸಂಗಡಿಗರು 1955ರಲ್ಲಿ ವರದಿ ಮಾಡಿದರು. ಹಾಲು ಬಿಡಿ ಎಂದರೆ ಸಾಲದು, ಚಹಾಕ್ಕೆ ಏನು ಹಾಕುವುದು ಎಂದೂ ಹೇಳಬೇಕಲ್ಲ. ಅದಕ್ಕೆಂದು ಕ್ರಾಸ್ 1956ರಲ್ಲಿ ಸಸ್ಯಹಾಲಿನ ಸಂಘ ಕಟ್ಟಿದರು. 1965ರಲ್ಲಿ ಅದರಿಂದ ಸೋಯಾ ಹಾಲಿನ ಕಂಪನಿಯೇ ಹೊರಟಿತು, ಮುಂದೆ ಪ್ಲಾಮಿಲ್ ಎಂದು ಹೆಸರಾಯಿತು. ಅಮೆರಿಕದ ವೀಗನ್ ಸಂಘವನ್ನು 1960ರಲ್ಲಿ ಕಟ್ಟಿದ ಜೇ ದಿನ್‌ಷಾ ಮುಂಬಯಿ ಮೂಲದ ಪಾರ್ಸಿಯ ಮಗ. ತಮ್ಮ ಪತ್ರಿಕೆಗೆ ಇಟ್ಟ ಹೆಸರು ‘ಅಹಿಂಸಾ’.

ವಿಶ್ವ ವೀಗನ್ ದಿನವೆಂದು ನವೆಂಬರ್ 1ನ್ನು ಆರಿಸಿದ್ದು ಸಂಘದ ಐವತ್ತನೇ ವರ್ಷದಲ್ಲಿ, 1994ರಲ್ಲಿ. ಸ್ಥಾಪನೆಯ ತಿಂಗಳು ನೆನಪಿತ್ತು, ತಾರೀಖು ಇರಲಿಲ್ಲ. ನಮ್ಮಲ್ಲಿ ಅದು ರಾಜ್ಯೋತ್ಸವದ ದಿನ; ಇದು ಬರೀ ಕಾಕತಾಳೀಯ.

ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ವೀಗನ್ ಆಹಾರಕ್ಕೆಂದೇ ಪ್ರತ್ಯೇಕ ನಿಯಮ ಹೊರಡಿಸಿದ್ದು 2022ರಲ್ಲಿ. ಎಲೆ ಚಿಗುರಿದ ಹಸಿರು ‘ವಿ’ ಅಕ್ಷರ ಅದರ ಗುರುತು. ಬೆಣ್ಣೆಯ ಪೊಟ್ಟಣದ ಮೇಲೆ ಈಗಲೂ ಚುಕ್ಕೆಯಷ್ಟೇ ಇದೆ.