ಅಮೃತಮಹಲಿನ ಮಂದೆಯೂ ಅದರ ಲೆಖ್ಖವೂ

ವೃಷಭನನ್ನು ಶಿವನ ವಾಹನವೆಂದು ಪೂಜಿಸುವ ಶರಣಸಮೂಹಕ್ಕೆ ಎತ್ತಿನ ಮಹಿಮೆಯನ್ನು ಬಣ್ಣಿಸಿ ಹೇಳಬೇಕಾದುದಿಲ್ಲ. ಒಕ್ಕಲುತನದ ಕಾಯಕಕ್ಕೆ ಅದೇ ಆಧಾರವಾಗಿದ್ದಿತು. ಮಠಗಳ ದಾಸೋಹದ ಕಣಜಗಳು ತುಂಬಿದುದೂ ಅದರ ಹೆಗಲಿನ ಬಲದಿಂದಲೇ. ಆದರೆ ಒಳ್ಳೆಯ ಎತ್ತು ತಾನಾಗಿ ಹುಟ್ಟಿ ಬರುವುದಿಲ್ಲ. ಯಾವ ಹಸುವಿಗೆ ಯಾವ ಹೋರಿ ಕೂಡಿತು, ಎಷ್ಟು ಕರುಗಳಾದುವು, ಅವುಗಳಲ್ಲಿ ಯಾವುದನ್ನು ಉಳಿಸಿಕೊಂಡು ಯಾವುದನ್ನು ಮಾರಿದರು ಎಂಬುದರ ಲೆಖ್ಖವನ್ನು ತಲೆಮಾರುಗಳ ಪರ್ಯಂತ ಇಟ್ಟವರಿದ್ದರೆ ಮಾತ್ರ ತಳಿಯು ನಿಲ್ಲುವುದು. ಇದಕ್ಕೆ ಅಮೃತಮಹಲಿನ ಚರಿತ್ರೆಗಿಂತ ಉತ್ತಮವಾದ ನಿದರ್ಶನವು ಕನ್ನಡ ನಾಡಿನಲ್ಲಿ ದೊರೆಯಲಾರದು.

ವಿಜಯನಗರದರಸರ ಪ್ರತಿನಿಧಿಗಳು ಶ್ರೀರಂಗಪಟ್ಟಣದಲ್ಲಿ ಸಾಕಿದ್ದ ಹಸುಗಳು ಕಾಲಕ್ರಮದಲ್ಲಿ ಮೈಸೂರ ಒಡೆಯರ ವಶಕ್ಕೆ ಬಂದುವು. 1673ರಿಂದ 1704ರ ವರೆಗೆ ಆಳಿದ ಚಿಕ್ಕದೇವರಾಜ ಒಡೆಯರವರು ಇದನ್ನು ಒಂದು ಇಲಾಖೆಯನ್ನಾಗಿ ಮಾಡಿ ಬೆಣ್ಣೆ ಚಾವಡಿಯೆಂದು ಕರೆದರು. ಅರಮನೆಗೆ ಹಾಲು ಬೆಣ್ಣೆಗಳನ್ನು ಒದಗಿಸುವುದು ಇದರ ಒಂದು ಕೆಲಸವಾಗಿದ್ದಿತು. ಹೈದರಾಲಿಯ ಕಾಲಕ್ಕೆ ಬೆಣ್ಣೆಗಿಂತ ತೋಪು ಎಳೆಯುವ ಎತ್ತೇ ಮುಖ್ಯವಾಯಿತು. ಟಿಪ್ಪು ಸುಲ್ತಾನನು ಹೆಸರನ್ನು ಅಮೃತಮಹಲ್ ಎಂದು ಬದಲಿಸಿ, ಇಲಾಖೆಯ ನಡವಳಿಕೆಗೆ ಹುಕುಂನಾಮೆಗಳನ್ನು ಹೊರಡಿಸಿದನು. ವರ್ಷಕ್ಕೊಮ್ಮೆ ಮಂದೆಗಳನ್ನೆಲ್ಲ ಎಣಿಸುವ ಪದ್ಧತಿಯನ್ನಿಟ್ಟು, ಎಣಿಕೆಯ ಸಮಯಕ್ಕೆ ತಾನೇ ಬಂದು ಚೆನ್ನಾಗಿ ಸಾಕಿದವರಿಗೆ ಬಹುಮಾನ ಕೊಡುತ್ತಿದ್ದನು. ದೊರೆಯೇ ಎದುರಿಗೆ ನಿಂತಿರುವಾಗ, ಸತ್ತ ಕರುವನ್ನು ಬದುಕಿದೆಯೆಂದು ಬರೆಯಿಸುವುದು ಯಾವ ಸೇರ್ವೆಗಾರನಿಗೂ ಸುಲಭವಾಗಿರಲಾರದು!

ಮಂದೆಗಳು ಮೇಯುತ್ತಿದ್ದ ಹುಲ್ಲುಗಾವಲುಗಳಿಗೆ ಕಾವಲುಗಳೆಂದು ಹೆಸರು. ಬೇಸಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆ ಬೇರೆ ಬೇರೆ ಕಾವಲುಗಳು ನಿಯಮಿತವಾಗಿದ್ದುವು. ಆದುದರಿಂದ ದನದ ಲೆಖ್ಖದೊಡನೆ ನೆಲದ ಲೆಖ್ಖವೂ ಬೆಸೆದುಕೊಂಡಿದ್ದಿತು.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಮಂದೆಯು ಕೆಲವು ವರ್ಷ ಸಂಸ್ಥಾನದ ಆಡಳಿತದಲ್ಲಿದ್ದು, ಮೇಲ್ವಿಚಾರಣೆಯು ಸಡಿಲವಾಗಿ ಕ್ಷೀಣಿಸಿತು. 1813ರಲ್ಲಿ ಮದರಾಸಿನ ಸೈನ್ಯದ ಅಧಿಕಾರಿಯೊಬ್ಬನ ಕೈಗೆ ಅದನ್ನು ಒಪ್ಪಿಸಲಾಯಿತು. ಮಂದೆಯು ಮತ್ತೆ ವೃದ್ಧಿಗೆ ಬಂದಿತು. ಆದರೆ ಅಲ್ಲಿಗೇ ಕಥೆ ಮುಗಿಯಲಿಲ್ಲ. ಮದರಾಸಿನ ಗವರ್ನರಾದ ಸರ್ ಚಾರಲ್ಸ್ ಟ್ರೆವೆಲಿಯನ್ನನು 1860ರಲ್ಲಿ ವೆಚ್ಚವನ್ನು ತಗ್ಗಿಸುವ ಉದ್ದೇಶದಿಂದ ಇಡೀ ಮಂದೆಯನ್ನೇ ಮಾರಿಸಿಬಿಟ್ಟನು. ಅನೇಕ ದನಗಳನ್ನು ಈಜಿಪ್ಟಿನ ಪಾಷಾ ಕೊಂಡನು. ಖರ್ಚಿನ ಅಂಕಣದಲ್ಲಿ ಮೇವು ಸಂಬಳಗಳು ಕಂಡುವು. ಎರಡು ಶತಮಾನಗಳ ಆಯ್ಕೆಯಿಂದ ಕೂಡಿಬಂದ ರಕ್ತದ ಬೆಲೆಗೆ ಅಲ್ಲಿ ಅಂಕಣವೇ ಇರಲಿಲ್ಲ. ಸೈನ್ಯಕ್ಕೆ ಎತ್ತುಗಳ ಕೊರತೆಯುಂಟಾಗಲು ತಪ್ಪು ತಿಳಿದುಬಂದಿತು. ಬೌರಿಂಗ್ ಸಾಹೇಬರು ಕಮಿಷನರಾಗಿದ್ದಾಗ, 1866ರಲ್ಲಿ, ಚದರಿಹೋಗಿದ್ದ ತಳಿಯನ್ನು ಅಲ್ಲಲ್ಲಿ ಹುಡುಕಿ ಕೊಂಡು ಇಲಾಖೆಯನ್ನು ಪುನಃ ಕಟ್ಟಬೇಕಾಯಿತು. ಆರು ವರ್ಷಗಳ ಹಿಂದೆ ಮಾರಿದುದನ್ನೇ ಕೊಳ್ಳುವ ಉಳಿತಾಯವಿದು!

ಅರಮನೆಯ ಪುಸ್ತಕದಲ್ಲಿದ್ದ ವಿದ್ಯೆಯು ರೈತನಲ್ಲಿ ಬೇರೊಂದು ರೂಪದಲ್ಲಿದ್ದಿತು. ಶಿವರಾತ್ರಿಯ ಕಾಲಕ್ಕೆ ಸಿದ್ಧಗಂಗೆಯಲ್ಲಿ ಕೂಡುವ ದನಗಳ ಜಾತ್ರೆಯಂತಹ ಸ್ಥಳಗಳಲ್ಲಿ ಕೊಳ್ಳುವವನು ಹಲ್ಲನ್ನೆಣಿಸಿ ಪ್ರಾಯವನ್ನು ತಿಳಿಯುವನು. ಸುಳಿ ನೋಡುವನು, ಗೊರಸು ನೋಡುವನು, ನಡೆಸಿ ನೋಡುವನು. ಬಳಿಕ ದಲ್ಲಾಳಿಯು ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವನು. ಹಾಲೆರೆದು ಸಾಕಿದ ಹೋರಿಯ ತಾಯಿ ಯಾರು, ಅಜ್ಜಿ ಯಾರು ಎಂಬುದು ಮನೆಯ ಹೆಂಗಸರಿಗೆ ಬಾಯಿಪಾಠವಾಗಿರುತ್ತಿದ್ದಿತು. ಆ ನೆನಪು ಮನೆಯವರೊಡನೆಯೇ ಅಳಿಯುವುದು. ಬರೆದಿಟ್ಟ ವಂಶಾವಳಿಯಾದರೋ ಬರೆದವನು ಹೋದ ಮೇಲೂ, ಹೋರಿಯು ತನ್ನ ಮಗಳನ್ನೇ ಕೂಡದಂತೆ ತಡೆಯಬಲ್ಲುದು.

1881ರಲ್ಲಿ ರಾಜ್ಯವು ಒಡೆಯರಿಗೆ ಹಿಂದಿರುಗಿದ ಬಳಿಕ ಮಂದೆಯೂ ಸಂಸ್ಥಾನದ ವಶಕ್ಕೆ ಬಂದಿತು. ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿ ಈ ತಳಿಯ ಸಂವರ್ಧನ ಕೇಂದ್ರವು ಇಂದಿಗೂ ನಡೆಯುತ್ತಿದೆ. ಅಲ್ಲಿ ಹೋರಿಕರುಗಳನ್ನು ಬಹಿರಂಗ ಹರಾಜಿನಲ್ಲಿ ಮಾರುವರು. ಟ್ರ್ಯಾಕ್ಟರು ಬಂದಿರುವ ಈ ಕಾಲದಲ್ಲಿಯೂ ದೂರದೂರದ ರೈತರು ಬಂದು ಪಂತವೇರಿ ಕೂಗುವರು. ಹಸುಗಳನ್ನು ಮಾತ್ರ ಕೇಂದ್ರವು ತಳಿಗಾಗಿ ಉಳಿಸಿಕೊಳ್ಳುವುದು. ನೆಲದ ಲೆಖ್ಖವು ಹಾಗೆ ಉಳಿಯಲಿಲ್ಲ. ಲಕ್ಷಗಟ್ಟಲೆ ಎಕರೆಗಳಿದ್ದ ಕಾವಲುಗಳಲ್ಲಿ ಬಹುಭಾಗವು ಸಾಗುವಳಿಗೂ ಇತರ ಕಾರ್ಯಗಳಿಗೂ ಹೋಯಿತು. ಚಳ್ಳಕೆರೆ ಸೀಮೆಯ ವರವು, ಖುದಾಪುರ, ಉಳ್ಳಾರ್ತಿ ಕಾವಲುಗಳ ಸಾವಿರಾರು ಎಕರೆಗಳು 2010ರ ಹೊತ್ತಿಗೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಪಾಲಾದುವು. ಕುರಿ ದನಗಳನ್ನು ಅಲ್ಲಿ ಮೇಯಿಸುತ್ತಿದ್ದ ಗ್ರಾಮಸ್ಥರು ಆ ಹುಲ್ಲಿಗಾಗಿ ನ್ಯಾಯಾಸ್ಥಾನದ ಬಾಗಿಲನ್ನು ತಟ್ಟಿದರು.