ಮುಳುಗಿದ ಹಡಗುಗಳೂ ಉಳಿದ ದಿನಚರಿಯೂ

ಸಕಲೇಶಪುರ, ಆಲೂರು ಸೀಮೆಗಳ ಬೆಟ್ಟಗಳಿಗೂ ಸಮುದ್ರಕ್ಕೂ ಏನು ಸಂಬಂಧವೆಂದು ಶಂಕಿಸುವವರುಂಟು. ಬಿಸಿಲೆಯ ಬೆಟ್ಟಸಾಲಿನ ಮೂಡಣ ಪಾರ್ಶ್ವದಲ್ಲಿ ಬಿದ್ದ ಮಳೆಯು ಕಾವೇರಿಯ ಮೂಲಕ ಬಂಗಾಳ ಕೊಲ್ಲಿಯನ್ನೂ, ಪಡುವಣ ಪಾರ್ಶ್ವದಲ್ಲಿ ಬಿದ್ದದ್ದು ಕುಮಾರಧಾರಾ ನೇತ್ರಾವತಿಗಳ ಮೂಲಕ ಮಂಗಳೂರಿನ ಕಡಲನ್ನೂ ಸೇರುವುದು. ಮಲೆನಾಡಿನ ಮೆಣಸು ಏಲಕ್ಕಿಗಳೂ ಪೂರ್ವಕಾಲದಲ್ಲಿ ಎತ್ತುಗಳ ಬೆನ್ನೇರಿ, ಘಟ್ಟವನ್ನಿಳಿದು ಪಡುವಣ ಕರಾವಳಿಯನ್ನೇ ಸೇರುತ್ತಿದ್ದುವು. ಆದುದರಿಂದ ಆ ಕರಾವಳಿಯಿಂದ ಹೊರಟ ಹಡಗುಗಳ ಗತಿಯು ಬೆಟ್ಟದ ಜನರಿಗೆ ಪರಕೀಯವಾದುದಲ್ಲ.

1786ನೆಯ ಮಾರ್ಚಿಯಲ್ಲಿ ಟೀಪೂ ಸುಲ್ತಾನನು ತುರುಕರ ಸುಲ್ತಾನನ ಬಳಿಗೆ ಒಂದು ರಾಯಭಾರವನ್ನು ಕಳುಹಿದನು. ಅಘನಾಶಿನಿಯ ಮುಖದಲ್ಲಿರುವ ತದಡಿಯಿಂದ ನಾಲ್ಕು ಹಡಗುಗಳು ಹೊರಟುವು. ಅವುಗಳಲ್ಲಿ ಗುಲಾಮ್ ಅಲಿ ಖಾನನ ನೇತೃತ್ವದಲ್ಲಿ ಸುಮಾರು 900 ಜನರಿದ್ದರು. ಮಾರಾಟಕ್ಕಾಗಿ ಶ್ರೀಗಂಧವೂ ಸಂಬಾರ ಪದಾರ್ಥಗಳೂ ಇದ್ದುವು. ಬಸರಾ ಬಂದರಿನಲ್ಲಿ ವ್ಯಾಪಾರದ ಸೌಕರ್ಯವನ್ನು ಪಡೆದು, ಅದಕ್ಕೆ ಪ್ರತಿಯಾಗಿ ಮಂಗಳೂರಿನಲ್ಲಿ ಸೌಕರ್ಯವನ್ನು ಕೊಡಬೇಕೆಂಬುದು ಸುಲ್ತಾನನ ಉದ್ದೇಶಗಳಲ್ಲೊಂದು. ಆದರೆ ಮಸ್ಕತನ್ನು ದಾಟಿದ ಮೇಲೆ ದುರ್ದೆಸೆ ಬೆನ್ನಟ್ಟಿತು. ಪಾರಸಿಕ ಕೊಲ್ಲಿಯ ಪ್ರದೇಶದಲ್ಲಿ ಹಡಗುಗಳಲ್ಲಿ ಬಹುಪಾಲು ನಾಶವಾದುವು. ಉಳಿದವರು ಬಾಗ್ದಾದಿನ ಮಾರ್ಗವಾಗಿ 1787ರಲ್ಲಿ ಇಸ್ತಾಂಬೂಲನ್ನು ಸೇರಿದರು. ಅಲ್ಲಿ ಮಹಾಮಾರಿಯು ಅನೇಕರನ್ನು ನುಂಗಿತು. ತಾಯ್ನಾಡಿಗೆ ಮರಳಿದವರು ಅತ್ಯಲ್ಪರು.

ಆ ನಾವೆಗಳ ಲಂಗರೊಂದೂ ನಮ್ಮ ಕೈಸೇರಲಿಲ್ಲ. ಉಳಿದದ್ದು ಕಾಗದ! ರಾಯಭಾರದ ಲೇಖಕನಾದ ಖ್ವಾಜಾ ಅಬ್ದುಲ್ ಕಾದಿರನು ಪಾರಸಿ ಭಾಷೆಯಲ್ಲಿ ಬರೆದಿಟ್ಟ ದಿನಚರಿಯನ್ನು ಮೊಹಿಬ್ಬುಲ್ ಹಸನರು ಸಂಪಾದಿಸಿ 1968ರಲ್ಲಿ ಪ್ರಕಟಿಸಿದರು. ಕಬ್ಬಿಣದ ಲಂಗರು ಹಡಗನ್ನು ಹಿಡಿದು ನಿಲ್ಲಿಸುವಂತೆ, ಆ ಬರೆಹವು ಕಾಲಪ್ರವಾಹದಲ್ಲಿ ಕೊಚ್ಚಿಹೋಗಲಿದ್ದ ಯಾತ್ರೆಯನ್ನು ಹಿಡಿದು ನಿಲ್ಲಿಸಿತು.

1792ರ ಶ್ರೀರಂಗಪಟ್ಟಣದ ಸಂಧಿಯಿಂದ ಮಲಬಾರು ಸುಲ್ತಾನನ ಕೈತಪ್ಪಿದುದರಿಂದ ಮಂಗಳೂರಿನ ದಾರಿ ಇನ್ನಷ್ಟು ಅಮೂಲ್ಯವಾಯಿತು. ಸಕಲೇಶಪುರದ ಸಮೀಪದಲ್ಲಿ ಆ ದಾರಿಯನ್ನು ಕಾಯುತ್ತಿದ್ದ ಎಂಟು ಮೂಲೆಗಳ ಮಂಜರಾಬಾದ್ ಕೋಟೆಯು ಇಂದಿಗೂ ಕಣ್ಣಿಗೆ ಕಾಣುತ್ತದೆ. ಆದರೆ ಆ ದಾರಿಯಲ್ಲಿ ನಡೆದ ಹೇರಾಳುಗಳ, ಸುಂಕದವರ, ವರ್ತಕರ ವೃತ್ತಾಂತವನ್ನು ಕಲ್ಲು ಹೇಳಲಾರದು. ಅದೇನಾದರೂ ಉಳಿದಿದ್ದರೆ ಹಳೆಯ ಮನೆಗಳ ಅಟ್ಟದ ಮೇಲಿನ ಕಡತಗಳಲ್ಲಿಯೂ ಲೆಕ್ಕದ ಪುಸ್ತಕಗಳಲ್ಲಿಯೂ ಉಳಿದಿರಬೇಕು. ಮಲೆನಾಡಿನ ತೇವಕ್ಕೂ ಗೆದ್ದಲಿಗೂ ಅವು ಆಹುತಿಯಾಗುವ ಮೊದಲೇ ಗೃಹಸ್ಥರು ಅವನ್ನು ಬಿಚ್ಚಿ, ಒಣಗಿಸಿ, ಪ್ರತಿಮಾಡಿ ಇಡುವುದು ಲೇಸು. ಕಡಲು ನುಂಗಿದುದನ್ನೂ ಕಾಗದವು ಉಳಿಸೀತು. ಗೆದ್ದಲು ತಿಂದ ಕಾಗದವನ್ನು ಉಳಿಸುವವರಾರು?