ವಿಂಚಿ ಎಂಬ ಹೆಣಿಗೆ

ವಿಂಚಿ ಎಂದರೆ ನಮಗೆ ಲಿಯೊನಾರ್ಡೊ ಹುಟ್ಟಿದ ಊರು, ಅಷ್ಟೇ. ಅವನ ಕಾಲದ ಇಟಾಲಿಯನ್ನರಿಗೆ ಅದೇ ಸದ್ದಿನಲ್ಲಿ ಇನ್ನೊಂದು ಅರ್ಥವೂ ಕೇಳಿಸುತ್ತಿತ್ತು: ಕಟ್ಟು, ಬಂಧ, ಹೆಣಿಗೆ. ಕಟ್ಟುವುದು ಎಂಬರ್ಥದ ಲ್ಯಾಟಿನ್ ಕ್ರಿಯಾಪದದ ಬಳಗಕ್ಕೆ ಸೇರಿದ ಮಾತು. ಡಾಂಟೆ ತನ್ನ ಸ್ವರ್ಗಕಾಂಡದಲ್ಲಿ ಮನಸ್ಸನ್ನು ಸೆರೆಹಿಡಿಯುವ ಬಂಧನಗಳನ್ನು ವಿಂಚಿ ಎಂದೇ ಕರೆದಿದ್ದ. 1493ರ ಹೊತ್ತಿಗೆ ಮಾತು ಉಡುಪಿಗೂ ಇಳಿದಿತ್ತು. ಕವಿ ನಿಕೊಲೊ ಡ ಕೊರೆಜ್ಜೊ ಕಲ್ಪಿಸಿದ ವಿಂಚಿ ವಿನ್ಯಾಸವನ್ನು ತನ್ನ ನಿಲುವಂಗಿಯ ಮೇಲೆ ಮಾಡಿಸಬೇಕೆಂದು ಮಿಲಾನ್ ಆಸ್ಥಾನದ ಬಿಯಾಟ್ರಿಚೆ ಡೆಸ್ಟೆಗೆ ಆಸೆಯಾಯಿತು.

ಅದೇ ಆಸ್ಥಾನದಲ್ಲಿದ್ದ ಲಿಯೊನಾರ್ಡೊನ ವಿನ್ಯಾಸದ ಆರು ತಾಮ್ರಪಟದ ಮುದ್ರಣಗಳಿವೆ. ಒಂದೊಂದೂ ದುಂಡನೆಯ ಹೆಣಿಗೆ, ನಡುವೆ ಅವನ ಹೆಸರಿನ ಅಕಾಡೆಮಿಯ ಉಲ್ಲೇಖ. ಅಂಥ ವಿದ್ಯಾಲಯ ನಿಜಕ್ಕೂ ಇತ್ತೇ ಎಂದು ಪಂಡಿತರು ಬಹಳ ಕಾಲ ಚರ್ಚಿಸಿದ್ದಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಹೆಸರಿನ ಸುತ್ತಲೂ ಹಬ್ಬಿರುವ ದಾರ. ವಿಂಚಿಯವನು ವಿಂಚಿಯನ್ನೇ ಬರೆದಿದ್ದಾನೆ. ಇಡೀ ಚಿತ್ರವೇ ಅವನ ರುಜು ಎಂದು ನಾನು ನಂಬುತ್ತೇನೆ. ಹಗ್ಗದ ಗಂಟುಗಳ ಚಿತ್ರ ಬರೆಯುತ್ತ ಕೂತು ಕಾಲ ಕಳೆದ ಎಂದು ಆಕ್ಷೇಪಿಸಿದ, ಅವನ ಜೀವನಚರಿತ್ರೆ ಬರೆದ ವಸಾರಿ ಕೂಡ, ಅವುಗಳಲ್ಲೊಂದು ಬಲು ಕಷ್ಟದ್ದು, ಬಲು ಚೆಲುವಿನದು ಎಂದು ಒಪ್ಪಿದ.

ಹತ್ತಿರದಿಂದ ನೋಡಿ. ದಾರ ಬಿಳಿ, ಹಿನ್ನೆಲೆ ಕಪ್ಪು. ಎರಡೆಳೆ ಸೇರುವಲ್ಲಿ ಮೇಲಿನದು ತಡೆಯಿಲ್ಲದೆ ಹಾಯುತ್ತದೆ, ಕೆಳಗಿನದು ಕಡಿದು ಆಚೆ ಮತ್ತೆ ಏಳುತ್ತದೆ. ಮುಂದಿನ ಸಂಧಿಯಲ್ಲಿ ಸರದಿ ಅದಲುಬದಲು. ತಾಮ್ರದಲ್ಲಿ ಕೊರೆದ ಗೀರು ಶಾಯಿ ಹಿಡಿಯುತ್ತದೆ. ಹಾಗಾಗಿ ಬಿಳಿ ದಾರ ಮೂಡಬೇಕಾದರೆ ಅದರ ಸುತ್ತಲಿನ ಪ್ರತಿ ಸಂದನ್ನೂ ಸಣ್ಣ ಗೀರುಗಳಿಂದ ತುಂಬಬೇಕು. ದಾರವನ್ನು ಮುಟ್ಟದೆಯೇ ದಾರ ಬರೆಯುವ ಕೆಲಸ ಅದು!

1506–07ರ ಸುಮಾರಿಗೆ ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ ಈ ಆರನ್ನೂ ಮರದ ಅಚ್ಚಿಗೆ ತಂದ. ಅಲ್ಲಿ ವಿಧಾನ ತಿರುವುಮುರುವು: ಉಳಿದ ಮರ ಕಪ್ಪಾಗಿ ಒತ್ತುತ್ತದೆ, ಆದ್ದರಿಂದ ಚಾಣ ದಾರದ ಜಾಡಿನಲ್ಲೇ ಸಾಗಬೇಕು. ಅವನು ಲಿಯೊನಾರ್ಡೊನ ಹೆಸರನ್ನು ಕೈಬಿಟ್ಟ. ಜರ್ಮನ್ ಕಿವಿಗೆ ಆ ಶ್ಲೇಷೆ ದಕ್ಕುವುದೂ ಇರಲಿಲ್ಲ. 1520–21ರ ನೆದರ್ಲ್ಯಾಂಡ್ಸ್ ಪ್ರವಾಸದ ದಿನಚರಿಯಲ್ಲಿ, ಆಂಟ್‌ವರ್ಪಿನ ಗಾಜುಚಿತ್ರಕಾರನೊಬ್ಬನಿಗೆ ಅವನ್ನು ಕೊಟ್ಟದ್ದನ್ನು ಬರೆಯುವಾಗ ಡ್ಯೂರರ್ ಬಳಸಿದ್ದು ತನ್ನ ನುಡಿಯ ಬರಿಯ ‘ಆರು ಗಂಟು’.